ಗುಂಡಿ ನನ್ನ ಕೈಯಲ್ಲಿತ್ತು

ಅತ್ತೆಗೆ ಕರೆಂಟ್ ಕೊಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ನೋಡಿದವರು ‘ಮಗಳಿಗಿಂತ ಹೆಚ್ಚಾಗಿ ಮಾಡ್ತಾಳೆ’ ಅಂದರು. ನಾನೂ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಉಳಿದ ಕೆಲಸಗಳಿಗಿಂತ ಅದೇ ಹಗುರ. ಬೇರೆ ವ್ಯಾಯಾಮವಾದರೆ ಎದುರು ಕೂತು, ಮಣಿಕಟ್ಟು ಹಿಡಿದು, ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. 17 ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಕೈಕೈ ಹಿಡಿದವರಲ್ಲ. ಮೆಷಿನ್ ಆದರೆ ಎರಡು ಪ್ಯಾಡ್ ಅಂಟಿಸಿ ದೂರ ಕೂರಬಹುದು.

ಸ್ಟ್ರೋಕ್ ಆದದ್ದು ಮಿದುಳಿನ ಎಡಭಾಗಕ್ಕೆ. ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ. ಉಳಿದದ್ದು ಒಂದೇ ಪದ: ‘ಅಲ್ಲ’. ಹಸಿವಾಯ್ತಾ ಅತ್ತೆ ಅಂದರೆ ‘ಅಲ್ಲ’. ತಟ್ಟೆ ಇಟ್ಟರೆ ಪೂರ್ತಿ ತಿನ್ನುತ್ತಿದ್ದರು. ಮಗನ ಮುಖ ಕಂಡು ಕಣ್ಣರಳಿದಾಗಲೂ ‘ಅಲ್ಲ ಅಲ್ಲ’. ಆ ಪದಕ್ಕೆ ಅರ್ಥವಿಲ್ಲ ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟೆವು. ಈ ಒಪ್ಪಂದ ಆಮೇಲೆ ನನಗೆಷ್ಟು ಅನುಕೂಲವಾಯಿತು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫಿಸಿಯೋಥೆರಪಿ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. “ಕೈಯ ನರ ಚೆನ್ನಾಗೇ ಇದೆ ಮೇಡಂ, ಮೇಲಿಂದ ಹೇಳಿ ಕಳಿಸೋರಿಲ್ಲ ಅಷ್ಟೆ.” ಆ ಕೆಲಸವನ್ನು ಮೆಷಿನ್ ಮಾಡುತ್ತದೆ. ಮುಂಗೈಯ ಹಿಂಬದಿಗೆ ಅಂಟಿಸಿದ ಪ್ಯಾಡಿನಿಂದ ಸೆಕೆಂಡಿಗೆ 35 ಸಣ್ಣ ಮಿಡಿತ ಹೋಗುತ್ತದೆ. ಹೇಳಿದವರು ಯಾರೆಂದು ನರ ವಿಚಾರಿಸುವುದಿಲ್ಲ. ಮಣಿಕಟ್ಟು ಏಳುತ್ತದೆ, ಬೆರಳು ಬಿಚ್ಚಿಕೊಳ್ಳುತ್ತವೆ. 10 ಸೆಕೆಂಡ್ ಕರೆಂಟ್, 20 ಸೆಕೆಂಡ್ ಬಿಡುವು. ಕರೆಂಟಿನಿಂದ ಎದ್ದ ಸ್ನಾಯು ಬೇಗ ದಣಿಯುವುದರಿಂದ ಅಷ್ಟು ಬಿಡುವು ಬೇಕೇ ಬೇಕು. ದಿನಕ್ಕೆರಡು ಸಲ, 20 ನಿಮಿಷ. “ಇನ್ನೊಂದು ಮುಖ್ಯ. ಕರೆಂಟ್ ಬಂದಾಗ ‘ಎತ್ತಿ’ ಅಂತ ನೀವು ಹೇಳ್ಬೇಕು, ಅಜ್ಜಿನೂ ಎತ್ತೋಕೆ ನೋಡ್ಬೇಕು. ಬರೀ ಮೆಷಿನ್ ಎತ್ತಿದ್ರೆ ಮಿದುಳು ಏನೂ ಕಲಿಯಲ್ಲ.”

ಒಂದು ವಾರ ‘ಎತ್ತಿ ಅತ್ತೆ, ಎತ್ತಿ’ ಅಂದೆ. ಎರಡನೇ ವಾರದಿಂದ ಫೋನ್ ನೋಡುತ್ತ ಕೂತೆ. ಕೈ ತನ್ನಷ್ಟಕ್ಕೆ ಏಳುತ್ತಿತ್ತು, ಬೀಳುತ್ತಿತ್ತು. ನೋಟ್‌ಬುಕ್ಕಿನಲ್ಲಿ ಟಿಕ್ ಮಾತ್ರ ತಪ್ಪಲಿಲ್ಲ. ಕೆಲವು ಸಲ ಪ್ಯಾಡ್ ಅಂಟಿಸದೆಯೂ ಟಿಕ್ ಹಾಕಿದ್ದೇನೆ. ಕೆಲವು ಸಲ ಅಂದೆ, ಎಷ್ಟು ಸಲ ಎಂದು ಎಣಿಸಲು ಹೋಗಿಲ್ಲ.

ವಿಡಿಯೋ ಒಂದು ಮಾಡಿದ್ದೆ. ಕೈ ಏಳುತ್ತಿರುವ ವಿಡಿಯೋ. ವೈರು, ಪ್ಯಾಡು ಕಾಣದ ಹಾಗೆ ಕೈಮೇಲೆ ಸೆರಗು ಹೊದಿಸಿ ತೆಗೆದದ್ದು. ನೆಂಟರ ಗ್ರೂಪಿನಲ್ಲಿ ಕೈಮುಗಿಯುವ ಗೊಂಬೆಗಳ ಸುರಿಮಳೆ. ‘ನಿನ್ನ ಸೇವೆ ಫಲಿಸಿತು’ ಅಂದರು. ಸತ್ತ ಕಪ್ಪೆಯ ಕಾಲೂ ಕರೆಂಟಿಗೆ ಒದೆಯುತ್ತದೆ ಎಂದು ಗಾಲ್ವನಿ ಬರೆದದ್ದು 1791ರಲ್ಲಿ. ಪಿಯುಸಿಯಲ್ಲಿ ಓದಿದ್ದು ನನಗೆ ಆ ಹೊತ್ತಿಗೆ ನೆನಪಿತ್ತು. ನೆನಪಿದ್ದೂ ಆ ಹೊಗಳಿಕೆಯನ್ನು ಇಟ್ಟುಕೊಂಡೆ.

ಇಷ್ಟೇ ಆಗಿದ್ದರೆ ಸೋಮಾರಿತನ ಅಂದುಕೊಂಡು ಸುಮ್ಮನಾಗಬಹುದಿತ್ತು.

ಆ ಬಲಗೈಯ ಬಗ್ಗೆ ಒಂದು ಮಾತು. ಕಾಫಿಪುಡಿಯ ಡಬ್ಬ ಅವರ ಸುಪರ್ದಿನಲ್ಲಿತ್ತು. ಚಮಚಕ್ಕೆ ಪುಡಿ ತುಂಬಿ, ತೋರುಬೆರಳಿನಿಂದ ಮೇಲೆ ಸವರಿ, ಹೆಚ್ಚಾದದ್ದನ್ನು ಡಬ್ಬಕ್ಕೇ ಬೀಳಿಸಿ ಕೊಡುತ್ತಿದ್ದರು. ನನ್ನ ಅಮ್ಮ ಬಂದಿದ್ದಾಗಲೂ ಸವರಿದರು. ಅಮ್ಮ ನೋಡಿ ಬೇರೆ ಕಡೆ ತಿರುಗಿಕೊಂಡಳು. ಸಣ್ಣ ವಿಷಯ. ಸಣ್ಣದು ಅನ್ನುತ್ತಲೇ ಅಷ್ಟು ವರ್ಷ ಇಟ್ಟುಕೊಂಡಿದ್ದೆನಲ್ಲ.

ಒಂದು ಸಂಜೆ ನಾದಿನಿಯ ಎದುರಿಗೆ ಅತ್ತೆ ನಾನು ಕೊಟ್ಟ ಗಂಜಿಯನ್ನು ಎಡಗೈಯಲ್ಲಿ ತಳ್ಳಿದರು. ಅವಳು ಹೋದ ಮೇಲೆ ಪ್ಯಾಡ್ ಅಂಟಿಸಿದೆ. ದಿನಾ 16ಕ್ಕೆ ನಿಲ್ಲಿಸುತ್ತಿದ್ದ ಕರೆಂಟಿನ ಅಂಕಿಯನ್ನು ಅಂದು 20ಕ್ಕೆ ಒಯ್ದೆ. ಕೈ ಸೆಟೆದು ಎದ್ದಿತು. ಯಾವತ್ತೂ ಬಿಚ್ಚದ ತೋರುಬೆರಳು ಕೂಡ ನೆಟ್ಟಗಾಯಿತು. ಅತ್ತೆ ‘ಅಲ್ಲ ಅಲ್ಲ ಅಲ್ಲ’ ಅಂದರು. ಎಲ್ಲಕ್ಕೂ ಹಾಗೇ ಅನ್ನುತ್ತಾರೆ ಎಂದುಕೊಂಡೆ. ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡಲಿಲ್ಲ. ನಾಲ್ಕೋ ಐದೋ ಸಲ ಕೈ ಎದ್ದುಬಿದ್ದ ಮೇಲೆ ಇಳಿಸಿದೆ. ಚರ್ಮಕ್ಕೆ ಏನೂ ಆಗಲಿಲ್ಲ.

ಬೆರಳು ಚೆನ್ನಾಗಿ ಬಿಚ್ಚಲಿ ಎಂದು ಏರಿಸಿದೆನೇ? ಅದೂ ಇತ್ತು, ಸುಳ್ಳಲ್ಲ. ಬೆರಳು ಬಿಚ್ಚದಿದ್ದರೆ ಸ್ವಲ್ಪ ಏರಿಸಬಹುದು ಎಂದು ಹುಡುಗಿಯೇ ಹೇಳಿದ್ದಳು. ‘ಅಜ್ಜಿಯನ್ನು ಕೇಳಿಕೊಂಡು’ ಎಂದೂ ಸೇರಿಸಿದ್ದಳು. ನಾನು ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಸೇಡು ಅನ್ನಲು ನಾಲಿಗೆ ಏಳುವುದಿಲ್ಲ. ಸೇವೆ ಅನ್ನಲೂ ಏಳುವುದಿಲ್ಲ.

ಆಮೇಲೆ ಈ ಚಿಕಿತ್ಸೆಯ ಬಗ್ಗೆ ಓದತೊಡಗಿದೆ, ಬಹುಶಃ ನನ್ನ ಕಡೆಗೊಂದು ಸಾಕ್ಷಿ ಸಿಗಲಿ ಎಂದು. ಸಿಕ್ಕಿದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನ ಬಿಲ್ ಕೊಚೆವರ್ ಎಂಬಾತನ ಕಥೆ. ಸೈಕಲ್ ಅಪಘಾತದಲ್ಲಿ ಭುಜದಿಂದ ಕೆಳಗೆ ಸ್ವಾಧೀನ ತಪ್ಪಿದ್ದವನು. ಮಿದುಳಿನಲ್ಲಿ ಎಲೆಕ್ಟ್ರೋಡು, ತೋಳಿನಲ್ಲಿ ಕರೆಂಟು. ಅವನು ಮನಸ್ಸಿನಲ್ಲಿ ಕೈ ಎತ್ತಬೇಕೆಂದುಕೊಂಡರೆ ಕಂಪ್ಯೂಟರ್ ಅದನ್ನು ಓದಿ ತೋಳಿಗೆ ದಾಟಿಸುತ್ತಿತ್ತು. ತನ್ನ ಕೈಯಿಂದಲೇ ಊಟ ಮಾಡಿದ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಬಂತು. ಅಷ್ಟೆಲ್ಲ ಯಂತ್ರ ಜೋಡಿಸಿದ್ದು, ಯಾವಾಗ ಎತ್ತಬೇಕೆಂಬ ತೀರ್ಮಾನ ಅವನದೇ ಆಗಿರಲಿ ಎಂದು. ನಮ್ಮ ಮನೆಯಲ್ಲಿ ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಅತ್ತೆಯ ಎಡಗೈ ಗಟ್ಟಿಯಾಗಿತ್ತು, ಗುಂಡಿ ಅಂಗೈಯಗಲದ ಮೆಷಿನ್ನಿನಲ್ಲಿತ್ತು. ಅವರ ಕೈಗೆ ಕೊಡಬಹುದಿತ್ತು. ಮೂರು ತಿಂಗಳು ನನಗದು ಹೊಳೆಯಲಿಲ್ಲ.

ಕೊನೆಗೆ ಕೊಟ್ಟೆ. ಅತ್ತೆ ಮೆಷಿನ್ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒತ್ತುತ್ತ ಹೋದರು. 16 ದಾಟಿತು, 20 ದಾಟಿತು, 22ಕ್ಕೆ ನಿಂತಿತು. ಹುಬ್ಬು ಗಂಟಿಕ್ಕಿ ತಮ್ಮ ಬೆರಳನ್ನೇ ದಿಟ್ಟಿಸುತ್ತಿದ್ದರು, ಎತ್ತಲು ಒಳಗಿಂದಲೂ ತಿಣುಕುತ್ತಿದ್ದುದು ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. ನನಗೆ ಎಷ್ಟು ಹಾಯೆನಿಸಿತೆಂದರೆ, ಹೇಳಲು ನಾಚಿಕೆ. ನೋಡು, 20 ಏನೂ ಹೆಚ್ಚಲ್ಲ, ನಾನೇನೂ ಮಾಡಲಿಲ್ಲ.

ಆ ಸಮಾಧಾನ ರಾತ್ರಿಯವರೆಗೂ ಉಳಿಯಲಿಲ್ಲ. 22 ಅವರು ಒತ್ತಿದ್ದು. 20 ನಾನು ಒತ್ತಿದ್ದು. ಚಿಕ್ಕ ಅಂಕಿಯೇ ನನ್ನದು, ಆದರೂ ಭಾರವೆಲ್ಲ ಅದರಲ್ಲೇ ಇದೆ.

ಈಗ ಅವರೇ ಒತ್ತಿಕೊಳ್ಳುತ್ತಾರೆ. ನಾನು ಪಕ್ಕದಲ್ಲಿ ಕೂತು ‘ಎತ್ತಿ’ ಅನ್ನುತ್ತೇನೆ, ಫೋನ್ ದೂರವಿಟ್ಟು, ಹೆಚ್ಚಿನ ದಿನ. ಮಣಿಕಟ್ಟು ಮೆಷಿನ್ ಇಲ್ಲದೆ ಒಂದಿಷ್ಟು ಏಳುತ್ತದೆ. ಬೆರಳು ಇನ್ನೂ ಇಲ್ಲ. ಮೊದಲ ತಿಂಗಳುಗಳೇ ಮುಖ್ಯ ಎಂದು ವೈದ್ಯರು ಹೇಳಿದ್ದರು. ನೋಟ್‌ಬುಕ್ಕಿನಲ್ಲಿ ಆ ತಿಂಗಳುಗಳ ಎದುರು ಟಿಕ್‌ಗಳು ಸಾಲಾಗಿ ನಿಂತಿವೆ. ಆ ಸಂಜೆಯದೂ ಇದೆ. ಕಳೆದ ಸಲ ಹುಡುಗಿ ಅದನ್ನು ತಿರುವಿ ನೋಡಿ, “ಒಂದು ದಿನಾನೂ ತಪ್ಪಿಸಿಲ್ವಲ್ಲ ಮೇಡಂ” ಅಂದಳು. ಅತ್ತೆ ನನ್ನ ಕಡೆ ನೋಡಿ ‘ಅಲ್ಲ’ ಅಂದರು. ಎಂದಿನ ‘ಅಲ್ಲ’ ಇದ್ದೀತು.