ಸೆಲ್ಫ್ ತಗೊಳ್ಳದ ಗಾಡಿ

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಬೆಳಗ್ಗೆ ಒಂದು ಪಿಕಪ್ ಗಾಡಿ ಸ್ಟಾರ್ಟ್ ಆಗಲಿಲ್ಲವೆಂದರೆ ನಾಲ್ಕು ಶೆಡ್ಡುಗಳ ಕೆಲಸ ಹಿಂದೆ ಬೀಳುತ್ತದೆ. ಅಲ್ಲಿನ ಸಣ್ಣ ಕೈಗಾರಿಕೆ ನಡೆಯುವುದೇ ಹಾಗೆ. ಒಂದು ಕಡೆ ಲೇತಿನಲ್ಲಿ ತಿರುವಿದ ಶಾಫ್ಟು ಇನ್ನೊಂದು ಕಡೆ ಗ್ರೈಂಡಿಂಗಿಗೆ ಹೋಗಬೇಕು, ಅಲ್ಲಿಂದ ಪ್ಲೇಟಿಂಗಿಗೆ, ಕೊನೆಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೋ ಪೀಣ್ಯಕ್ಕೋ. ವಿಜಯನಗರದ ಮಾರ್ಕೆಟ್ಟಿಗೆ ತರಕಾರಿ, ಬಸವೇಶ್ವರನಗರದಲ್ಲಿ ಕಟ್ಟುತ್ತಿರುವ ಮನೆಗೆ ಟೈಲ್ಸು, ಕೆಂಗೇರಿ ಉಪನಗರಕ್ಕೆ ಮನೆ ಬದಲಿಸುವವರ ಬೀರು-ಮಂಚ, ಎಲ್ಲವೂ ಇದೇ ಗಾಡಿಯ ಬೆನ್ನ ಮೇಲೆ. ಎರಡೇ ಸಿಲಿಂಡರಿನ, 702 ಸಿಸಿ ಎಂಜಿನ್ನಿನ ಟಾಟಾ ಏಸ್ 2005ರಲ್ಲಿ ಬಂದ ಮೇಲೆ ಗೂಡ್ಸ್ ಆಟೋ ಓಡಿಸುತ್ತಿದ್ದ ಅನೇಕರು ಸಾಲ ಮಾಡಿ ನಾಲ್ಕು ಚಕ್ರಕ್ಕೆ ಬಂದರು. ಗಾಡಿ ನಿಂತ ದಿನವೂ ಕಂತು ಓಡುತ್ತಲೇ ಇರುತ್ತದೆ. ನಿಂತ ಗಾಡಿಯ ರೋಗ ಪತ್ತೆ ಮಾಡುವುದನ್ನು ನಾನು ದೊಡ್ಡ ಕೆಲಸವೆಂದೇ ತಿಳಿದಿದ್ದೇನೆ.

ಏಸ್ ಆದರೆ ಸೀಟು ಎತ್ತಿ, ಬೊಲೆರೋ ಪಿಕಪ್ ಆದರೆ ಬಾನೆಟ್ ತೆಗೆದು ನಿಲ್ಲಿಸಿದ ಕೂಡಲೇ ಸುತ್ತ ಜನ ಸೇರುತ್ತಾರೆ. ಬ್ಯಾಟರಿ ಹೋಗಿದೆ ಅಂತ ಒಬ್ಬರು, ಪಂಪು ಬಿಚ್ಚಿಸಿ ಅಂತ ಇನ್ನೊಬ್ಬರು. ಒಳ್ಳೆಯ ಮೆಕ್ಯಾನಿಕ್ ಮಾತ್ರ ಸ್ಪ್ಯಾನರಿಗೆ ಕೈ ಹಾಕುವ ಮೊದಲು ಡ್ರೈವರನ್ನು ಕೇಳುತ್ತಾನೆ: ‘ಸೆಲ್ಫ್ ತಗೊಳ್ತಿದೆಯಾ?’ ಈ ಒಂದು ಪ್ರಶ್ನೆಗೆ ಅರ್ಧ ಗಾಡಿ ಅನುಮಾನದಿಂದ ಆಚೆ ಹೋಗುತ್ತದೆ. ಎಂಜಿನ್ ತಿರುಗುತ್ತಲೇ ಇಲ್ಲವಾದರೆ ದೋಷ ಕರೆಂಟಿನ ಕಡೆ. ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವಾದರೆ ಡೀಸೆಲ್ಲಿನ ಕಡೆ. ನಿನ್ನೆ ಸಂಜೆ ಹೇಗಿತ್ತು, ಯಾರಾದರೂ ಏನಾದರೂ ಬಿಚ್ಚಿದ್ದರೇ ಎಂದು ಕೇಳುವವನಿದ್ದರೆ ಇನ್ನೂ ಒಳ್ಳೆಯದು.

ಕರೆಂಟಿನ ಕಡೆ ನೋಡುವುದಕ್ಕೆ ಹೆಡ್‌ಲೈಟು ಸಾಕು. ಲೈಟು ಹಾಕಿಕೊಂಡೇ ಕೀ ತಿರುಗಿಸಬೇಕು. ಲೈಟು ಪೂರ್ತಿ ಆರಿಹೋದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್. ಲೈಟು ಕದಲದೆ ಉರಿಯುತ್ತಿದ್ದು ‘ಟಿಕ್’ ಎಂಬ ಸದ್ದೂ ಬರದಿದ್ದರೆ ಫ್ಯೂಸು, ರಿಲೇ, ಕೀ ಸ್ವಿಚ್ಚು, ಸೊಲೆನಾಯ್ಡಿಗೆ ಹೋಗುವ ತಂತಿ, ಇವನ್ನು ಹುಡುಕಬೇಕು. ಮೀಟರಿದ್ದರೆ ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಖಾಲಿಯೆಂದೇ ಲೆಕ್ಕ. ಆದರೆ ಸುಮ್ಮನಿದ್ದಾಗಿನ ವೋಲ್ಟನ್ನು ನಂಬಿ ಕೂರುವಂತಿಲ್ಲ. ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಕುಸಿಯುತ್ತದೆ ಎಂಬುದನ್ನು ನೋಡಬೇಕು. ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಆ ಬ್ಯಾಟರಿಯಲ್ಲಿ ದಮ್ಮಿಲ್ಲ.

ಮಾಗಡಿ ರಸ್ತೆಯ ಬದಿಯಲ್ಲಿ ಟೊಮೆಟೊ ಕ್ರೇಟುಗಳನ್ನು ಹೊತ್ತು ನಿಂತ ಒಂದು ಪಿಕಪ್ಪನ್ನು ನಾನು ಮರೆತಿಲ್ಲ. ಆ ಡ್ರೈವರ್ ಹಿಂದಿನ ವಾರವಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದ. ಅದಕ್ಕೂ ಮುಂಚೆ ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದ್ದ. ಆದರೂ ಮೋಟರು ಒಂದು ಸಲ ಮುಲುಗಿ ನಿಲ್ಲುತ್ತಿತ್ತು. ಬಂದ ಹಿರಿಯ ಮೆಕ್ಯಾನಿಕ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿ ‘ಹೊಡಿ ಸೆಲ್ಫು’ ಎಂದರು. ಅರ್ಧ ವೋಲ್ಟೂ ಬರಬಾರದ ಜಾಗದಲ್ಲಿ ನಾಲ್ಕು ವೋಲ್ಟು ಬಂತು. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿತ್ತು. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದರು. ಒಂದೇ ಸೆಲ್ಫಿಗೆ ಗಾಡಿ ಎದ್ದಿತು.

ಈ ದೋಷ ಯಾಕೆ ಇಷ್ಟು ಜನರನ್ನು ಏಮಾರಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ತುಕ್ಕು ಒಡ್ಡುವ ತಡೆ ಬರೀ 0.02 ಓಮ್ ಇರಲಿ. ಅರ್ಧ ಆಂಪಿಯರ್ ಕೂಡ ಎಳೆಯದ ಟೆಸ್ಟ್ ಲ್ಯಾಂಪಿಗೆ ಅದು ಲೆಕ್ಕಕ್ಕೇ ಇಲ್ಲ. ಲ್ಯಾಂಪು ಝಗ್ಗನೆ ಉರಿಯುತ್ತದೆ, ನೋಡಿದವರು ಲೈನ್ ಸರಿಯಿದೆ ಎನ್ನುತ್ತಾರೆ. ಸೆಲ್ಫ್ ಮೋಟರ್ ನೂರೈವತ್ತು ಆಂಪಿಯರ್ ಎಳೆದಾಗ ಅದೇ ತಡೆ ಮೂರು ವೋಲ್ಟು ನುಂಗುತ್ತದೆ. ಭಾರ ಬಿದ್ದಾಗಲೇ ಅಳೆಯಬೇಕು ಎಂಬ ಈ ಬುದ್ಧಿ ಆ ಹಿರಿಯರಿಗೆ ಎಲ್ಲಿಂದ ಬಂತೋ. ಅವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಡೀಸೆಲ್ಲಿನ ದಾರಿ ಬೇರೆ. ಅಲ್ಲಿ ಕಿಡಿ ಹೊಡೆಯುವ ಪ್ಲಗ್ಗಿಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಅದುಮಿ, ಅದು ಐನೂರು ಡಿಗ್ರಿ ದಾಟಿ ಕಾದಾಗ ಡೀಸೆಲ್ ಚಿಮ್ಮಿಸಬೇಕು. ಎಂಜಿನ್ ನಿಧಾನವಾಗಿ ತಿರುಗಿದರೆ ಆ ಕಾವೇ ಹುಟ್ಟುವುದಿಲ್ಲ. ಎಷ್ಟೋ ಸಲ ಸೋತ ಬ್ಯಾಟರಿಯ ತಪ್ಪಿಗೆ ಪಂಪು ಬಿಚ್ಚಿಸಿಕೊಳ್ಳುತ್ತದೆ. ಡಿಸೆಂಬರಿನ ಚಳಿಯಲ್ಲಿ ಹೀಟರ್ ದೀಪ ಆರುವ ತನಕ ಕಾಯಲು ಹೇಳುವುದೂ ಇದಕ್ಕೇ. ಇನ್ನು ಸೈಲೆನ್ಸರಿನ ಬಾಯಿ ನೋಡಬೇಕು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ: ಫಿಲ್ಟರ್ ಕಟ್ಟಿರಬಹುದು, ಕಟಾಫ್ ಸೊಲೆನಾಯ್ಡ್ ತೆರೆದಿರಲಿಕ್ಕಿಲ್ಲ, ಅಥವಾ ಏರ್ ಹಿಡಿದಿರಬಹುದು. ದಿನದ ಬಾಡಿಗೆ ನೋಡಿಕೊಂಡು ಐನೂರು ರೂಪಾಯಿಗಷ್ಟೇ ಡೀಸೆಲ್ ಹಾಕಿಸುವವರ ಗಾಡಿ, ಟ್ಯಾಂಕಿನ ತಳ ಕಂಡಿರುವಾಗ, ಸುಮನಹಳ್ಳಿ ಫ್ಲೈಓವರ್ ಏರುತ್ತ ಏರ್ ಎಳೆದುಕೊಳ್ಳುವುದು ಸಹಜ. ಕೈಪಂಪು ಒತ್ತುತ್ತ, ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಬಿಟ್ಟರೆ ಮುಗಿಯಿತು. ಗಾಳಿ ಎಳೆಯುವ ಕೊಳವೆಗೆ ಪೆಟ್ರೋಲ್ ಬಟ್ಟೆ ಹಿಡಿಯುವುದನ್ನು ಮಾತ್ರ ದಯವಿಟ್ಟು ಬಿಡಿ. ಹೀಟರ್ ಪ್ಲಗ್ ಕಾದಿದ್ದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನೇ ಒಡೆಯಬಹುದು.

ಆಡುಗೋಡಿಯ ಮೈಕೋ ಕಾರ್ಖಾನೆ 1950ರ ದಶಕದಿಂದ ಡೀಸೆಲ್ ಪಂಪು ತಯಾರಿಸಿದ ಊರಿದು. ಈಗ ಆ ಕೆಲಸ ಕೆಂಗೇರಿ ದಾಟಿ ಬಿಡದಿಗೆ ಹೋಗಿದೆ. ಪಂಪನ್ನು ಕಿವಿಯಿಂದಲೇ ಬಲ್ಲ ತಲೆಮಾರು ಇಲ್ಲಿ ಬೆಳೆದದ್ದು ಆಶ್ಚರ್ಯವಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಗಳಿಗೆ ಕಿವಿಯ ಜೊತೆಗೆ ಸ್ಕ್ಯಾನರೂ ಬೇಕು. ಸ್ಕ್ಯಾನರ್ ಬಂದರೂ ಹುಡುಕುವ ಕೆಲಸ ತಪ್ಪಲಿಲ್ಲ. ಪಿ 0335 ಎಂಬ ಕೋಡ್ ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೇ ತಿಳಿಯುತ್ತದೆ. ಸೆನ್ಸರ್ ಸತ್ತಿದೆಯೋ, ರಾಜಕಾಲುವೆ ಪಕ್ಕ ರಾತ್ರಿ ನಿಲ್ಲಿಸಿದ್ದಾಗ ಇಲಿ ತಂತಿ ಕಡಿದಿದೆಯೋ, ಅದನ್ನು ಮನುಷ್ಯನೇ ಬಗ್ಗಿ ನೋಡಬೇಕು.

ಆ ದಿನ ಮಾಗಡಿ ರಸ್ತೆಯಲ್ಲಿ ನನಗೆ ನೋವಾದದ್ದು ಕೊನೆಯಲ್ಲಿ. ಬ್ಯಾಟರಿಗೆ ಸಾವಿರಗಟ್ಟಲೆ ಕೊಟ್ಟಿದ್ದ ಡ್ರೈವರ್, ‘ಒಂದು ಬೋಲ್ಟ್ ಉಜ್ಜಿದ್ದಕ್ಕೆ ಎಷ್ಟು ಕೊಡೋದು?’ ಎಂದು ಚೌಕಾಸಿಗೆ ಇಳಿದ. ಅವನನ್ನು ದೂರಲಾರೆ, ಅವನ ಜೇಬು ಆಗಲೇ ಖಾಲಿಯಾಗಿತ್ತು. ಆದರೆ ಪಾರ್ಟುಗಳಿಗೆ ದುಡ್ಡು ಕೊಡುವ ನಾವು ಪತ್ತೆ ಹಚ್ಚಿದ ತಲೆಗೆ ಬೆಲೆ ಕಟ್ಟುವುದಿಲ್ಲ. ಪಾರ್ಟು ಬದಲಿಸಿದರಷ್ಟೇ ಊಟ ಎಂದಾದಾಗ ಪಾರ್ಟು ಬದಲಿಸುವವರೇ ಹೆಚ್ಚುತ್ತಾರೆ, ಅಳೆಯುವವರು ಕಡಿಮೆಯಾಗುತ್ತಾರೆ. ನಷ್ಟ ಕೊನೆಗೆ ಗಾಡಿಯವನಿಗೇ.

ನಿಮ್ಮ ಗಾಡಿ ನಿಂತಾಗ ಮೆಕ್ಯಾನಿಕ್ಕಿಗೆ ಮೊದಲೇ ಹೇಳಿಬಿಡಿ: ‘ಏನೂ ಬದಲಿಸದಿದ್ದರೂ ಪರವಾಗಿಲ್ಲ, ತೊಂದರೆ ಎಲ್ಲಿದೆ ಅಂತ ಕಂಡುಹಿಡಿದುಕೊಡು, ಅದಕ್ಕೇ ಇಷ್ಟು ಕೊಡ್ತೀನಿ.’ ಹಾಗೆ ಹೇಳಿದ ಮೇಲೆ ಕೊಡಿ.