ಹಳ್ಳು ಅಲ್ಲೇ, ನಳಿಗಿ ಒಳಗೆ

ಬೋನಾಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾತ್ರಿಯಿಂದ ನೀವು ಏಳುತ್ತಿರುವುದು ಇದು ಐದನೆಯ ಸಲ. ಹಿತ್ತಲಲ್ಲಿ ಮೂತ್ರಕ್ಕೆ ನಿಂತ ಕೂಡಲೇ ಎಡ ಪಕ್ಕೆಯ ಹಿಂದೆ ಚಳಕ್ಕೆನ್ನುತ್ತದೆ. ಮೊಬೈಲ್ ಬೆಳಕಿನಲ್ಲಿ ನೋಡಿದರೆ ತುಸು ಕೆಂಪು. ಕೆರೆಯ ಕಡೆ ಹಕ್ಕಿಗಳ ಗದ್ದಲ ಆಗಲೇ ಶುರುವಾಗಿದೆ.

"ಮತ್ತ ಕೆಂಪಗ ಬಂತೇನು?" ಬಾಗಿಲಲ್ಲಿ ಅವ್ವ.

"ಸ್ವಲ್ಪ ಬಂದಾದ ಬೇ. ನಳಿಗಿ ಇರೂತನಕ ಹಿಂಗ ಅಂತ ಡಾಕ್ಟರ್ ಹೇಳ್ಯಾರಲ್ಲ."

"ಅಷ್ಟ್ ರೊಕ್ಕಾ ಸುರದು ಹಳ್ಳು ಅಲ್ಲೇ ಬಿಟ್ಟು ಬಂದಿ. ಇದೆಂಥಾ ಆಪರೇಷನ್ನೋ!"

ಬೈಯುತ್ತಲೇ ಚರಗಿ ತುಂಬ ನೀರು ಕೈಗಿಡುತ್ತಾಳೆ. ಅವಳ ಸಿಟ್ಟು ತಪ್ಪಲ್ಲ. ಐದು ದಿನದ ಹಿಂದೆ ಕಲಬುರಗಿಯ ಆ ತಣ್ಣನೆಯ ಮೇಜಿನ ಮೇಲೆ ನಿಮಗೂ ಹಾಗೇ ಅನಿಸಿತ್ತು. ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಕಾಲುಗಳು ನಿಮ್ಮವಲ್ಲ. ಎಲ್ಲೂ ಕೊಯ್ಯದೆ, ಮೂತ್ರದ ದಾರಿಯಲ್ಲೇ ದುರ್ಬೀನು ಏರಿತು. ಕಿಡ್ನಿಯವರೆಗೆ ಹೋಗಿ ಲೇಸರಿನಿಂದ ಹಳ್ಳನ್ನು, ಅಂದರೆ ಕಲ್ಲನ್ನು, ಪುಡಿ ಮಾಡುವ ಲೆಕ್ಕ. ಆದರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ ಕೆಲವರಲ್ಲಿ ಬಲು ಬಿಗಿ. ದುರ್ಬೀನು ಹೋಗಿಬರಲು ಮೊದಲು ತೂರಿಸುವ ಕೊಳವೆಯೇ ಸುಮಾರು 4 ಮಿಲಿಮೀಟರ್ ದಪ್ಪ. ಅದು ಅರ್ಧಕ್ಕೇ ನಿಂತಿತು.

"ದಾರಿ ಸಣ್ಣದದ. ಜೋರು ಮಾಡಿದ್ರ ಹರೀತದ. ಸ್ಟೆಂಟ್ ಹಾಕ್ತೀನಿ, ಹದಿನೈದು ದಿನ ಬಿಟ್ಟು ಬರ್ರಿ."

ಅಲ್ಲಿಗೆ ಡಾಕ್ಟರ್ ಕೈ ತಡೆದರು. ತಡೆದದ್ದೇ ದೊಡ್ಡ ಕೆಲಸ ಎನ್ನುತ್ತೇನೆ ನಾನು. ಹರಿದ ನಾಳ ಮುಂದೆ ಕುಗ್ಗಿ ಕಟ್ಟಿಕೊಂಡರೆ ಕಿಡ್ನಿಗೇ ಕುತ್ತು.

ಪರದೆಯ ಮೇಲೆ ನೀವೇ ಕಂಡಿರಿ: ಸಪೂರ ತಂತಿಯ ಮೇಲೆ ಜಾರುತ್ತ ಮೆತ್ತನೆಯ ನಳಿಗೆಯೊಂದು ಮೇಲೇರಿತು. ಗೇಣಿಗಿಂತ ತುಸು ಉದ್ದ, ದಪ್ಪ 2 ಮಿಲಿಮೀಟರಿನ ಆಸುಪಾಸು. ತಂತಿ ಎಳೆದೊಡನೆ ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ ಸುರುಳಿ ಸುತ್ತಿ ಕುಳಿತಿತು. ಎರಡು ಕೊಕ್ಕೆ, ಹಾಗಾಗಿ ಡಬಲ್ ಜೆ. 1978ರಲ್ಲಿ ಅಮೆರಿಕದ ಫಿನ್ನಿ ಎಂಬ ವೈದ್ಯ ಪ್ರಕಟಿಸಿದ ವಿನ್ಯಾಸ. ಚೀಟಿಯಲ್ಲಿ "ಡಿಜೆ" ಎಂದು ಓದಿದ ತಮ್ಮ ನಕ್ಕಿದ್ದ. ಅವನಿಗೆ ಡಿಜೆ ಅಂದರೆ ಗಣಪತಿ ಮೆರವಣಿಗೆ.

ನಳಿಗೆ ಸುಮ್ಮನೆ ಕುಳಿತಿರುವುದೇ ಕೆಲಸ. ಒಂದೆರಡು ವಾರದಲ್ಲಿ ಸುತ್ತಲಿನ ನಾಳ ತಾನಾಗಿ ಸಡಿಲಾಗಿ ಅಗಲವಾಗುತ್ತದೆ. ಎರಡನೆಯ ಸಲ ದುರ್ಬೀನು ಸಲೀಸಾಗಿ ಏರುತ್ತದೆ. ಎಲ್ಲರಿಗೂ ಇದು ಬೇಕಿಲ್ಲ, ನಾಳ ಅಗಲವಿದ್ದವರಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ಪಕ್ಕೆಯ ಚಳಕಿಗೂ ಕಾರಣವಿದೆ. ಮೂತ್ರ ಮೇಲಕ್ಕೆ ಮರಳದಂತೆ ನಾಳದ ಬಾಯಿ ಮುಚ್ಚಿಕೊಳ್ಳಬೇಕು. ತೂಬಿನ ಬಾಯಿಗೆ ಕೋಲು ಸಿಕ್ಕಿಸಿದಂತೆ ನಳಿಗೆ ಅದನ್ನು ತೆರೆದೇ ಇಟ್ಟಿದೆ.

ಈಗ ಬೆಳಕಾಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ಕೆಂಪು ಪೆನ್ನಿನಿಂದ ಸುತ್ತಿಟ್ಟ ತಾರೀಕಿಗೆ ಇನ್ನು ಹತ್ತು ದಿನ. ನೋವು ಇಳಿಯಿತೆಂದು, ಹತ್ತಿ ಬಿಡಿಸುವುದಿದೆಯೆಂದು ಅದನ್ನು ಮುಂದೂಡಬೇಡಿ. ಮರೆತ ನಳಿಗೆಗೆ ತಿಂಗಳುಗಟ್ಟಲೆ ಉಪ್ಪು ಕಟ್ಟಿ ಅದೇ ಕಲ್ಲಾಗುತ್ತದೆ, ಎಳೆದರೂ ಬಾರದು. ನಡುವೆ ಚಳಿಜ್ವರ ಬಂದರೆ ಮಾತ್ರ ಆ ತಾರೀಕಿಗೂ ಕಾಯಬೇಡಿ; ಅದೇ ರಾತ್ರಿ ಗಾಡಿ ಹತ್ತಿ.