ಪಂಜರಕ್ಕೂ ಅನಧ್ಯಾಯ ಬೇಕು

ಶಬ್ದಗಳಿಗೆ ಯೋಗಾರ್ಥವೊಂದು, ರೂಢ್ಯರ್ಥವೊಂದು ಇರುವುದೆಂದು ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯ ಹುಡುಗರಿಗೆ ಹೇಳುತ್ತ ಬಂದೆವು. ಆದರೆ ಯೋಗಾರ್ಥವು ಪೂರ್ಣವಾಗಿ ಅಳಿದುಹೋಗಿ ರೂಢಿಯೊಂದೇ ಉಳಿದಿರುವುದಕ್ಕೆ ಉತ್ತಮವಾದ ಉದಾಹರಣೆಯು ನಮಗೆ ದೊರೆತುದು ನಿವೃತ್ತರಾದ ಮೇಲೆ, ಅದೂ ಅಮೆರಿಕಾ ದೇಶದಲ್ಲಿ. ಅಲ್ಲಿ ಹೆಣ್ಣುಮಕ್ಕಳು ಬಹಳವಾಗಿ ಆಡುವ ಸಾಫ್ಟ್‌ಬಾಲ್ ಎಂಬ ಆಟವೊಂದುಂಟು. ಹೆಸರಿಗೆ ಅದು ಮೆತ್ತನೆಯ ಚೆಂಡು. ಕೈಯಲ್ಲಿ ಹಿಡಿದು ನೋಡಿದರೆ ಬಲಿತ ಬೇಲದ ಹಣ್ಣಿನಷ್ಟು ಗಟ್ಟಿ.

ನಮ್ಮ ಮಗಳೂ ಅಳಿಯಂದಿರೂ ಟೆಕ್ಸಾಸ್ ಸಂಸ್ಥಾನದಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ ವಾಸವಾಗಿದ್ದಾರೆ. ಕಳೆದ ವರ್ಷ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಐದು ತಿಂಗಳು ಇದ್ದೆವು. ಹನ್ನೊಂದು ವರ್ಷದ ಮೊಮ್ಮಗಳು ಈ ಆಟದಲ್ಲಿ ಮುಳುಗಿಹೋಗಿದ್ದುದರಿಂದ ಅದರ ವಿಚಾರವನ್ನು ತಿಳಿಯದೆ ಆ ಮನೆಯಲ್ಲಿ ಊಟಕ್ಕೆ ಕೂಡ ಕುಳಿತುಕೊಳ್ಳುವಂತಿರಲಿಲ್ಲ.

ಈ ಆಟವು ಹುಟ್ಟಿದ್ದು ಬಯಲಿನಲ್ಲಲ್ಲ, ಮಾಡಿನ ಕೆಳಗೆ. 1887ರಲ್ಲಿ ಷಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್ ಎಂಬ ಸಂಘದ ಕಟ್ಟಡದೊಳಗೆ ಕೆಲವು ತರುಣರು ಮುಷ್ಟಿಯುದ್ಧದ ಕೈಗವಸೊಂದನ್ನು ಎಸೆದು ಕೋಲಿನಿಂದ ಹೊಡೆದು ವಿನೋದಪಡುತ್ತಿದ್ದರು. ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರರು ಆ ಗವಸನ್ನೇ ಸುತ್ತಿ ಕಟ್ಟಿ ಚೆಂಡನ್ನಾಗಿ ಮಾಡಿ ನಿಯಮಗಳನ್ನು ಕಲ್ಪಿಸಿದರು. ಇಂದಿನ ಹೆಸರು ಬಂದುದು 1926ರಲ್ಲಿ. ಶಿಕ್ಷಣಶಾಲೆಗಳಲ್ಲಿ ಸ್ತ್ರೀಪುರುಷ ಭೇದವನ್ನು ನಿಷೇಧಿಸಿದ 1972ರ ಶಾಸನವು ಆಟದ ಬಯಲಿನಲ್ಲಿಯೂ ಹೆಣ್ಣುಮಕ್ಕಳಿಗೆ ದಾರಿಯನ್ನು ತೆರೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರ ಸಾಫ್ಟ್‌ಬಾಲಿಗೆ ಸ್ಥಾನ ದೊರೆಯಿತು. ಮುಂದೆ ಕೆಲವು ಸಲ ಕೈಬಿಟ್ಟರೂ 2028ರ ಲಾಸ್ ಏಂಜಲಿಸ್ ಕೂಟಕ್ಕೆ ಮತ್ತೆ ಸೇರಿಸಿದ್ದಾರೆ.

ಶಾಲೆಯ ತಂಡಗಳಲ್ಲದೆ, ಊರಿಂದೂರಿಗೆ ಸಂಚರಿಸಿ ಆಡುವ ಬಾಲಿಕೆಯರ ತಂಡಗಳೂ ಅಲ್ಲಿ ಹೇರಳವಾಗಿವೆ. ಪರೀಕ್ಷೆಯಿಟ್ಟು ಆಯ್ದುಕೊಳ್ಳುವ ಈ ತಂಡಗಳಿಗೆ ಹಣವನ್ನೂ ಕೊಡಬೇಕು. ಶನಿವಾರ ಭಾನುವಾರಗಳು ಬಂದುವೆಂದರೆ ಇಡೀ ಸಂಸಾರವೇ ಮಡಿಸುವ ಕುರ್ಚಿ, ನೀರಿನ ಪೆಟ್ಟಿಗೆ, ಬ್ಯಾಟಿನ ಚೀಲಗಳನ್ನು ಕಾರಿಗೆ ತುಂಬಿಕೊಂಡು ನಸುಕಿನಲ್ಲೇ ಹೊರಡುವುದು. ನಮ್ಮ ಮನೆಯವರು ಪುಳಿಯೋಗರೆ, ಮೊಸರನ್ನಗಳನ್ನು ಕಟ್ಟಿಕೊಡುತ್ತಿದ್ದರು. ಜಾತ್ರೆಗೆ ಗಾಡಿ ಹೂಡಿದಂತೆಯೇ ನಮಗೆ ತೋರುತ್ತಿದ್ದಿತು.

ಹತ್ತು ವರ್ಷದೊಳಗಿನವರಿಗೆ 11 ಅಂಗುಲ ಸುತ್ತಳತೆಯ ಚೆಂಡನ್ನು 35 ಅಡಿ ದೂರದಿಂದ ಎಸೆಯುವರು. ಹನ್ನೆರಡು ವರ್ಷದ ವರ್ಗದಲ್ಲಿ ಚೆಂಡು 12 ಅಂಗುಲ, ದೂರ 40 ಅಡಿ. ಭುಜದ ಕೆಳಗಿನಿಂದ ಕೈಯನ್ನು ಚಕ್ರಾಕಾರವಾಗಿ ಬೀಸಿ ಎಸೆಯುವ ಈ ಚೆಂಡು ಗಂಟೆಗೆ 50 ಮೈಲಿಯ ವೇಗದಲ್ಲಿ ಬಂದರೆ ಆ ದೂರವನ್ನು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಕಾಲದಲ್ಲಿ ದಾಟುವುದು. ಅಷ್ಟರಲ್ಲಿ ನೋಡಬೇಕು, ನಿಶ್ಚಯಿಸಬೇಕು, ಬೀಸಬೇಕು. ಇದು ಯೋಚಿಸಿ ಮಾಡತಕ್ಕ ಕೆಲಸವಲ್ಲ. ರಾಮಶಬ್ದದ ರೂಪಗಳು ನಾಲಗೆಗೆ ಬರುವಂತೆ ಕೈಗೆ ತಾನಾಗಿ ಬರಬೇಕು. ಅದಕ್ಕೆ ಆವೃತ್ತಿಯೊಂದೇ ಮಾರ್ಗ.

ಆದರೆ ಬಯಲಿನಲ್ಲಿ ಹೊಡೆಯುವ ಹೊತ್ತಿಗಿಂತ ಚೆಂಡನ್ನು ಹುಡುಕಿ ತರುವ ಹೊತ್ತೇ ಹೆಚ್ಚು. ಹಿತ್ತಲಿನಲ್ಲಿ ಹೊಡೆದರೆ ನೆರೆಮನೆಯ ಗಾಜು ಉಳಿಯಲಾರದು. ಅರ್ಧ ಗಂಟೆಗೆ ಇಷ್ಟೆಂದು ಬಾಡಿಗೆ ತೆಗೆದುಕೊಳ್ಳುವ ಬಲೆಯ ಕೋಣೆಗಳು ಪೇಟೆಯಲ್ಲಿವೆ. ದಿನವೂ ಹೋಗುವುದು ಸಂಸಾರವಂತರಿಗೆ ಭಾರ. ಈ ತೊಡಕಿಗೆ ಪರಿಹಾರವಾಗಿ ಬಂದುದು ಸಾಗಿಸಬಹುದಾದ ಬಲೆಯ ಪಂಜರ. ನ್ಯೂಜೆರ್ಸಿಯ ಹೋಪ್‌ವೆಲ್ ಎಂಬ ಊರಿನ ವೆಲಿಂಗ್ಟನ್ ಟೈಟಸ್ ಎಂಬವರು ಬೇಸ್‌ಬಾಲಿಗಾಗಿ ಗಾಲಿಗಳ ಮೇಲೆ ಎಳೆದೊಯ್ಯುವ ಇಂಥದೊಂದನ್ನು ನಿರ್ಮಿಸಿ 1907ರಲ್ಲಿ ಹಕ್ಕುಪತ್ರವನ್ನು ಪಡೆದರು. ಈಗಲಾದರೋ ಅದು ಚೀಲದಲ್ಲಿ ಹಿಡಿಸುವಂತಾಗಿದೆ.

ನಮ್ಮ ಅಳಿಯಂದಿರು ಕೊಂಡುತಂದುದು 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಪಂಜರ. ಎಸೆತದ ಪೂರ್ತಿ ದೂರಕ್ಕೆ 55 ಅಡಿಯಾದರೂ ಬೇಕಾಗುವುದು; ಅಷ್ಟು ಹಿತ್ತಲು ಅವರಿಗಿರಲಿಲ್ಲ. ಆ ಬಡಾವಣೆಯ ಮನೆಯವರ ಸಂಘದ ಅನುಮತಿಯಿಲ್ಲದೆ ಸ್ಥಿರವಾದ ಕಟ್ಟಡವನ್ನು ಹೂಡುವಂತೆಯೂ ಇಲ್ಲ. ಕೊಳವೆಗಳನ್ನು ಜೋಡಿಸಿ, ಬುಡಕ್ಕೆ ಮರಳಿನ ಚೀಲಗಳನ್ನಿಟ್ಟು, ಬಲೆಯನ್ನು ಸಡಿಲವಾಗಿ ಇಳಿಬಿಡಬೇಕು. ಬಿಗಿದು ಕಟ್ಟಿದರೆ ಚೆಂಡು ಪುಟಿದು ಹೊಡೆದವರ ಮೇಲೆಯೇ ಬರುವುದು. ಸಡಿಲವಾದ ಬಲೆಯು ಪೆಟ್ಟನ್ನು ನುಂಗಿ ಚೆಂಡನ್ನು ಕಾಲಬುಡಕ್ಕೆ ಬೀಳಿಸುವುದು. ಬಲೆಯು ಹಿಂದಕ್ಕೆ ಉಬ್ಬುವುದರಿಂದ ಹೊರಗಿನವರು ಅದಕ್ಕೆ ಒರಗಿ ನಿಲ್ಲಬಾರದು. ಬ್ಯಾಟು ಹಿಡಿದವಳೊಬ್ಬಳೇ ಒಳಗೆ, ತಲೆಗೆ ಶಿರಸ್ತ್ರಾಣ. ನೈಲಾನು ದಾರವು ಬಿಸಿಲಿಗೆ ಬಲಗುಂದುವುದಾದ್ದರಿಂದ ಆಟ ಮುಗಿದ ಮೇಲೆ ಮಡಿಸಿ ಒಳಗಿಡುವುದು ಲೇಸು. ಪಕ್ಕದಲ್ಲಿ ಓರೆಯಾಗಿ, ಬಲೆಯ ಹೊರಬದಿಯ ಸಂದಿನಲ್ಲಿ, ಬಕೆಟ್ಟನ್ನು ಮಗುಚಿಹಾಕಿ ಕುಳಿತು ಒಂದೊಂದೇ ಚೆಂಡನ್ನು ಮೆಲ್ಲನೆ ಚಿಮ್ಮುವ ಕೆಲಸ ನಮ್ಮ ಪಾಲಿಗೆ ಬಂದಿತು.

ಮಗು ಹೊಸದಾಗಿ ದೊಡ್ಡವರ ವರ್ಗಕ್ಕೆ ಏರಿದ್ದಳು. ಹೊಡೆಯುವವರ ಸಾಲಿನಲ್ಲಿ ಕೊನೆಯ ಸರದಿ. ಕೆಲವು ಪಂದ್ಯಗಳಲ್ಲಿ ಬೆಂಚಿನ ಮೇಲೆಯೇ ಕುಳಿತಳು. ಮುಂದಿನ ಆಯ್ಕೆಯಲ್ಲಿ ಬಿಟ್ಟುಬಿಡುವರೆಂಬ ಭಯ ತಂದೆಗೆ ಹತ್ತಿತು. ದಿನಕ್ಕೆ ಇನ್ನೂರು ಹೊಡೆತವೆಂದು ಅವರು ಕಟ್ಟುಮಾಡಿದರು. ಹೀಗೆ ಮೂರು ವಾರ ನಡೆಯಿತು. ಒಂದು ರಾತ್ರಿ ಊಟಕ್ಕೆ ಕುಳಿತಾಗ, ಎಂದೂ ಕೈಯಲ್ಲೇ ಕಲಸಿ ಉಣ್ಣುವ ಮಗು ಚಮಚವನ್ನು ಕೇಳಿದಳು. ನಮ್ಮ ಮನೆಯವರು, “ಎಲ್ಲಿ, ಕೈ ತೋರಿಸು ಪುಟ್ಟಿ” ಎಂದರು. ಅಂಗೈಯಲ್ಲಿ ಬೊಬ್ಬೆಗಳೆರಡು ಒಡೆದು ಹಸಿಯಾಗಿದ್ದುವು. ಉಪ್ಪಿನಕಾಯಿ ತಾಗಿದರೆ ಉರಿಯುವುದೆಂದು ಚಮಚ. ಹೇಳಿದರೆ ಅಪ್ಪನಿಗೆ ಬೇಸರವಾಗುವುದೆಂದು ನಾಲ್ಕು ದಿನದಿಂದ ಗವಸಿನೊಳಗೆ ಮರೆಸಿಟ್ಟಿದ್ದಳಂತೆ.

ನಮ್ಮ ಮಗಳು ಏನೂ ಮಾತನಾಡದೆ ಎದ್ದುಹೋದಳು. ಅಳಿಯಂದಿರು ಬಹಳ ನೊಂದುಕೊಂಡರು. ಅವರು ನಿರ್ದಯರಲ್ಲ, ಹಳ್ಳಿಯ ಶಾಲೆಯಿಂದ ರಾತ್ರಿಯೆಲ್ಲ ಓದಿ ಮೇಲಕ್ಕೆ ಬಂದವರು. ಸ್ವಲ್ಪ ಹೊತ್ತಿನ ಮೇಲೆ ಅವರು, “ಮಾವ, ಅಭ್ಯಾಸ ಬೇಡವೆಂದು ನೀವು ಹೇಳುವಿರಾ?” ಎಂದು ಕೇಳಿದರು. “ಅಭ್ಯಾಸ ಬೇಕು. ಅದರೊಡನೆ ಅನಧ್ಯಾಯವೂ ಬೇಕು” ಎಂದೆವು.

ವೇದಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಪರ್ವದಿನಗಳಂದು ಪಾಠವಿಲ್ಲವೆಂಬುದನ್ನು ವಾಚಕರು ಬಲ್ಲರು. ಗುರುವಿಗೆ ಎಷ್ಟೇ ಉತ್ಸಾಹವಿದ್ದರೂ, ಶಿಷ್ಯನು ಎಷ್ಟೇ ಹಿಂದುಳಿದಿದ್ದರೂ ಆ ದಿನ ಹೊಸ ಪಾಠ ನಡೆಯದು. ಈ ಕಟ್ಟಳೆಯು ಸೋಮಾರಿಗಳಿಗಾಗಿ ಹುಟ್ಟಿದುದಲ್ಲ. ಕಲಿತದ್ದು ಒಳಗೆ ಇಳಿಯುವುದಕ್ಕೆ ಬಿಡುವು ಬೇಕೆಂಬುದು ನಮ್ಮ ಅನುಭವವೂ ಹೌದು. ನಾವು ಇದನ್ನು ವಿವರಿಸಿದೆವು. ಸಾಗಿಸಬಹುದಾದ ಪಂಜರದ ಶ್ರೇಷ್ಠ ಗುಣವು ಅದನ್ನು ಹೂಡಬಹುದೆಂಬುದಲ್ಲ, ಮಡಿಸಬಹುದೆಂಬುದೇ ಎಂದೆವು.

ಅಂಗೈ ಮಾಯುವವರೆಗೆ ಪಂಜರವು ಚೀಲದಲ್ಲಿದ್ದಿತು. ಆಮೇಲೆ ಎರಡು ನಿಯಮಗಳಾದುವು: ವಾರಕ್ಕೆ ಎರಡು ದಿನ ಅನಧ್ಯಾಯ, ಮಿಕ್ಕ ದಿನಗಳಲ್ಲಿ ಮಗು “ಸಾಕು ತಾತ” ಎಂದೊಡನೆ ಮುಕ್ತಾಯ. ಮೊದಲ ದಿನ ಮೂವತ್ತಕ್ಕೇ ಸಾಕೆಂದಳು. ಅಳಿಯಂದಿರು ಕೊಳವೆಗಳನ್ನು ಬಿಚ್ಚುವಾಗ ಅವರ ಮುಖವನ್ನು ನಾವು ನೋಡದಿರುವುದೇ ಉಚಿತವೆಂದು ತೋರಿತು. ಎರಡು ವಾರ ಕಳೆಯುವುದರೊಳಗೆ ಅವಳೇ ಬಕೆಟ್ಟನ್ನು ತಂದಿಟ್ಟು ನಮ್ಮನ್ನು ಕರೆಯತೊಡಗಿದಳು. ಕೆಲವು ಸಂಜೆ ನೂರು ದಾಟುತ್ತಿದ್ದಿತು.

ಇದರಿಂದ ಅವಳು ಮಹಾ ಆಟಗಾರ್ತಿಯಾದಳೆಂದು ನಾವು ಹೇಳಲಾರೆವು. ಅನಂತರದ ಪಂದ್ಯಾವಳಿಯಲ್ಲಿ ಏಳು ಸರದಿಗಳಿಗೆ ಎರಡು ಒಳ್ಳೆಯ ಹೊಡೆತಗಳು ಬಂದುವು. ಸಾಲಿನಲ್ಲಿ ಇನ್ನೂ ಕೆಳಗೇ ಇದ್ದಾಳೆ. ಮುಂದಿನ ಆಯ್ಕೆಯು ಹೇಗಾಗುವುದೋ ಹಾಗಾಗಲಿ. ನೋವಾದಾಗ ನೋವೆಂದು ತಂದೆಗೆ ಹೇಳುವ ಧೈರ್ಯ ಆ ಮಗುವಿಗೆ ಬಂದಿತಲ್ಲ, ಅದು ನಮಗೆ ದೊಡ್ಡದು.

ನಮ್ಮ ಊರುಗಳಲ್ಲಿಯೂ ಸಂಗೀತ, ಗಣಿತ, ಪ್ರವೇಶಪರೀಕ್ಷೆಗಳೆಂದು ಮಕ್ಕಳಿಗಾಗಿ ಹೂಡಿರುವ ಪಂಜರಗಳು ಉಂಟು. ಅವುಗಳನ್ನು ಹೂಡಿದ ಗೃಹಸ್ಥರು ಬಲೆಯನ್ನು ಸ್ವಲ್ಪ ಸಡಿಲವಾಗಿ ಕಟ್ಟಲಿ, ಮಡಿಸಿಡತಕ್ಕ ದಿನವನ್ನೂ ಪಂಚಾಂಗದಲ್ಲಿ ಗುರುತುಮಾಡಿಕೊಳ್ಳಲಿ ಎಂದು ಬೇಡುತ್ತೇವೆ.